ಮೀನಲ್ಲ

“ಮೀನಿನ ಡಬ್ಬ ಒಳಗೆ ತರಂಗಿಲ್ಲ ಮೇಡಂ, ಟಾಪ್ ಮೇಲೆ ಹಾಕಿ,” ಎಂದ ಕಂಡಕ್ಟರ್ ಚನ್ನೇಶ್.

“ಇದು ಮೀನಲ್ಲ ರೀ!” ಮೇಧಿನಿ ಬೆಳಗಿನಿಂದ ಇದೊಂದೇ ಮಾತು ಹೇಳಿ ಸಾಕಾಗಿದ್ದಳು. ಬೇಲೂರಿನ ಆಟೋದವನೂ ಮೂಗು ಮುಚ್ಚಿಕೊಂಡೇ ಬಸ್ ಸ್ಟ್ಯಾಂಡಿಗೆ ಬಿಟ್ಟಿದ್ದ. ಮಂಗಳೂರು ಕಡೆಯಿಂದ ಥರ್ಮಾಕೋಲ್ ಡಬ್ಬ ಬಂತೆಂದರೆ ಈ ಸೀಮೆಯಲ್ಲಿ ಒಳಗಿರುವುದು ಬಂಗುಡೆಯೇ. ಬ್ರಹ್ಮ ಬಂದು ಹೇಳಿದರೂ ಯಾರೂ ಒಪ್ಪುವುದಿಲ್ಲ.

ಡಬ್ಬದಲ್ಲಿದ್ದುದು ಡಾಲ್ಫಿನ್ ರಕ್ತ. ಬಲೆಗೆ ಸಿಕ್ಕಿದ್ದ ಬಸುರಿ ಡಾಲ್ಫಿನ್ ದಡದಲ್ಲೇ ಕಂದು ಹಾಕಿ ಗರ್ಭ ಕಳೆದುಕೊಂಡಿತ್ತು. ಹಸುಗಳಿಗೆ ಬರುವ ಕಂದು ರೋಗ ಕಡಲಿಗೂ ಇಳಿದಿದೆಯೇ ಎಂದು ತಿಳಿಯಲು, ಅದನ್ನು ನೀರಿಗೆ ಬಿಡುವ ಮೊದಲು ಪಶುವೈದ್ಯೆಯಾದ ಮೇಧಿನಿ ರಕ್ತ ತೆಗೆದಿದ್ದಳು. ಇದು ಕೆಟ್ಟರೆ ಆ ಡಾಲ್ಫಿನ್ನನ್ನು ಮತ್ತೆ ಕರೆಯುವಂತಿಲ್ಲ. ಘಾಟಿಯಲ್ಲಿ ಗುಡ್ಡ ಕುಸಿದು ಬೆಂಗಳೂರಿನ ನೇರ ಬಸ್ಸು ತಪ್ಪಿತ್ತು, ಸುತ್ತು ದಾರಿಯಲ್ಲಿ ಬೇಲೂರು ಸೇರುವಷ್ಟರಲ್ಲಿ ಐಸು ಅರ್ಧ ಕರಗಿತ್ತು. ಅರಸೀಕೆರೆಯಲ್ಲಿ ರೈಲು ಸಿಕ್ಕಿದರೆ ಸಂಜೆಯೊಳಗೆ ಬೆಂಗಳೂರಿನ ಲ್ಯಾಬು ಮುಟ್ಟೀತು. ಟಾಪ್ ಮೇಲಿನ ಬಿಸಿಲಿಗೆ ಇಟ್ಟರೆ ಎಲ್ಲ ಮಣ್ಣುಪಾಲು.

“ರಕ್ತ ಕಣ್ರೀ, ರಕ್ತ! ಪರೀಕ್ಷೆಗೆ!” ಎಂದು ಕೂಗಿಬಿಟ್ಟಳು. ಕೂಗಿದ್ದೇ ತಪ್ಪಾಯಿತು.

ಮುಂದಿನ ಸೀಟಿನಲ್ಲಿದ್ದ ಹಳೇಬೀಡಿನ ಅನಂತರಾಮು ಮೇಷ್ಟ್ರು ಕಾಲು ಮೇಲೆತ್ತಿಕೊಂಡರು. “ಮೀನೇ ವಾಸಿಯಾಗಿತ್ತಲ್ಲಮ್ಮ.”

“ಯಾರ್ದು ರಕ್ತ?” ಎಂದ ಚನ್ನೇಶ್.

“ಡಾಲ್ಫಿನ್ದು.”

“ಮತ್ತೆ ಮೀನೇ ಅಲ್ವಾ?”

ಮೇಧಿನಿಗೆ ತಲೆ ಚಚ್ಚಿಕೊಳ್ಳುವಂತಾಯಿತು. “ಅದು ಮರಿ ಹಾಕುತ್ತೆ, ಹಾಲು ಕುಡಿಸುತ್ತೆ. ಮೀನು ಹಾಲು ಕುಡಿಸುತ್ತೇನ್ರೀ? ಪಾಪದ್ದು, ಕಂದು ಹಾಕಿದೆ!”

ಹಿಂದಿನ ಸೀಟಿನಲ್ಲಿ ಹಾರನಹಳ್ಳಿಯ ರುದ್ರಮ್ಮ ಚೀಲ ಸರಿಸಿ ಜಾಗ ಮಾಡಿದಳು. “ಬಾರವ್ವ, ಇಲ್ಲಿ ಕುಂತ್ಕ. ಏಯ್ ಚನ್ನೇಶ, ಸುಮ್ಕೆ ರೈಟ್ ಹೇಳ್ಲಾ.”

ದಿನಾ ಬರುವ ಹೆಂಗಸಿನೊಡನೆ ಜಗಳವೇಕೆಂದು ಚನ್ನೇಶ್ ಸೀಟಿ ಊದಿದ. ಮೇಧಿನಿ ಡಬ್ಬವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಕಿಟಕಿಯ ಬಿಸಿಲಿಗೆ ರುದ್ರಮ್ಮ ಸೆರಗು ಅಡ್ಡ ಹಿಡಿದಳು.

“ನಮ್ಮ ಹಸಾನೂ ಕಂದಾಕ್ತು ಕಣವ್ವ. ದನದ ಡಾಕ್ಟ್ರು ಹಿಂಗೇ ಡಬ್ಬ ತಂದು ರಕ್ತ ತಗಂಡೋದ್ರು. ರಿಪೋರ್ಟ್ ಬತ್ತೈತೆ ಅಂದ್ರು. ಅದು ಬರೋಕೆ ಮುಂಚೆ ಹಸ ಇನ್ನೊಂದ್ ಸಲಾನೂ ಕಂದಾಕ್ತು.”

“ಆಮೇಲಾದ್ರೂ ಬಂತಾ?”

“ಎಲ್ಲೀದು.”

ಬಸ್ಸಿನವರ ಮೇಲಿದ್ದ ಸಿಟ್ಟನ್ನು ಈಗ ಯಾರ ಮೇಲೆ ಹಾಕಬೇಕೋ ಮೇಧಿನಿಗೆ ತಿಳಿಯಲಿಲ್ಲ. ನಾಚಿಕೆಯಾಯಿತು. “ಇದರದ್ದು ನಾನೇ ಕೂತು ಮಾಡಿಸ್ತೀನಮ್ಮ. ವಾರದೊಳಗೆ ಬಂದೇ ಬರುತ್ತೆ,” ಎಂದಳು, ರುದ್ರಮ್ಮ ಕೇಳದಿದ್ದರೂ.

ಹಾರನಹಳ್ಳಿ ಬಂತು. ರುದ್ರಮ್ಮ ಚೀಲ ಎತ್ತಿಕೊಂಡು ಎದ್ದಳು.

“ಬರ್ಲಿ ಬಿಡವ್ವ. ಬಂದ್ಮೇಲೆ ಕಡಲಾಗಿರೋ ಆ ತಾಯಿಗೆ ಹೇಳೋರ್ಯಾರು?”

ಬಸ್ಸು ಹೊರಟಿತು. ಬಿಸಿಲು ನೇರ ತೊಡೆಯ ಮೇಲೆ ಬಿತ್ತು. ಮೇಧಿನಿ ಡಬ್ಬದ ಮೇಲೆ ಬಾಗಿ, ಅರಸೀಕೆರೆ ಬರುವವರೆಗೂ ಹಾಗೇ ಕೂತಳು.