ಕಾರವಾರದ ಉಪ್ಪು

"ಏನ ಹಾಕಿ ಕೊಟ್ಟಿಯೋ ಡಬ್ಬ್ಯಾಗ?" ರೊಟ್ಟಿ ಬಡಿಯುತ್ತಿದ್ದ ಬಾಳವ್ವ ಕೈ ನಿಲ್ಲಿಸಿ ಕೇಳಿದಳು.

"ಉಪ್ಪು ಬೇ," ಎಂದ ಮಗ ನೀಲಪ್ಪ, ಹೊಸ್ತಿಲ ಮೇಲೆ ಕುಳಿತು ಕಾಲಿನ ಧೂಳು ಒರೆಸಿಕೊಳ್ಳುತ್ತ. "ಕಾರವಾರದ ಉಪ್ಪು. ಆರೂ ಮನಿಗೆ ಮುಟ್ಟಿಸಿ ಬಂದೆ."

ತವೆಯ ಮೇಲಿನ ರೊಟ್ಟಿಯ ಅಂಚು ಕಪ್ಪಾಗುವವರೆಗೂ ಬಾಳವ್ವ ಮಗನ ಮುಖವನ್ನೇ ನೋಡಿದಳು.

ಕಾರವಾರದ ಸಮುದ್ರದಲ್ಲಿ ಪ್ರತಿವರ್ಷ ಈಜಿನ, ದೋಣಿಯ ಪಂದ್ಯಗಳು ನಡೆಯುತ್ತಿದ್ದವು. ಮಹಾಯುದ್ಧದ ದಿನಗಳಲ್ಲಿ ನಿಂತಿದ್ದ ಆ ಉತ್ಸವ ಈ ವರ್ಷ ಮತ್ತೆ ಶುರುವಾದಾಗ, ಕೇಶ್ವಾಪುರದ ಕುಸ್ತಿ ತಾಲೀಮಿನ ಎಂಟು ತರುಣರು ಹೊರಟು ನಿಂತರು. ಎಲ್ಲರೂ ಉಣಕಲ್ಲ ಕೆರೆಯಲ್ಲಿ ಈಸು ಕಲಿತವರು, ಸಮುದ್ರ ಕಂಡವರಲ್ಲ. ಗಿರಣಿಗೆ ರಜೆ ಹಾಕಿ ನೀಲಪ್ಪನೂ ಹೋದ. ಓಣಿಯ ಆರು ಮನೆಯವರು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಉಂಡಿ ಎಂದು ಬುತ್ತಿ ಕಟ್ಟಿಕೊಟ್ಟರು.

ತಿನಿಸು ಬಂದ ಡಬ್ಬಿಯನ್ನು ಬರಿದು ತಿರುಗಿಸಿ ಕೊಡುವ ರೂಢಿ ಆ ಓಣಿಯಲ್ಲಿ ಇರಲಿಲ್ಲ. ಉಪಕಾರ ನೆನೆದದ್ದಕ್ಕೆ ಒಂದು ಹಿಡಿ ಸಕ್ಕರೆಯಾದರೂ ಒಳಗಿರಬೇಕು. ಯುದ್ಧ ಮುಗಿದರೂ ಸಕ್ಕರೆ ಇನ್ನೂ ರೇಶನ್ನಿನಲ್ಲೇ ಇತ್ತು. ಹುಡುಗರು ಕೂಡಿ ಯೋಚಿಸಿ, ಸಮುದ್ರದ ನೆನಪೂ ಆಯಿತು, ಡಬ್ಬಿ ತುಂಬಿದಂತೆಯೂ ಆಯಿತು ಎಂದು ಒಂದು ಚೀಲ ಹರಳುಪ್ಪು ತಂದಿದ್ದರು.

"ಕೈಯಾಗ ಕೊಟ್ಟಿಯೋ, ನೆಲಕ್ಕ ಇಟ್ಟಿಯೋ?"

"ಕೈಯಾಗ. ದೊಡ್ಡವರಿಗೆ ಕೊಡೂ ಮುಂದ ನೆಲಕ್ಕ ಇಡತಾರೇನು?"

"ಇಮಾಮಬಿಗೂ?"

"ಆಕಿಗೇ ಮೊದಲ ಕೊಟ್ಟೆ."

ಉಪ್ಪನ್ನು ಕೈಯಿಂದ ಕೈಗೆ ಕೊಟ್ಟರೆ ಆ ಎರಡು ಮನೆಗಳ ನಡುವೆ ಜಗಳ ಹುಟ್ಟುತ್ತದೆ ಎಂಬುದು ಓಣಿಯ ಹೆಂಗಸರಿಗೆಲ್ಲ ಗೊತ್ತಿತ್ತು. ಒಲೆಯ ಮುಂದೆ ಕೂರದ ಗಂಡಸರಿಗೆ ಏನು ತಿಳಿಯಬೇಕು. ಉಳಿದ ಐದು ಮನೆಯವರು ನಕ್ಕು ಸುಮ್ಮನಾದಾರು. ಆದರೆ ಎದುರು ಮನೆಯ ಇಮಾಮಬಿಯೊಡನೆ ಬಾಳವ್ವನ ಮಾತು ನಿಂತು ಎಂಟು ತಿಂಗಳಾಗಿತ್ತು. ಹೊರಸಿನ ಮೇಲೆ ಒಣಗಲು ಹಾಕಿದ್ದ ಶಾವಿಗೆಯನ್ನು ಇಮಾಮಬಿಯ ಆಡು ಅರ್ಧ ಮೇಯ್ದಿತ್ತು. ಬಾಳವ್ವ ಕಟ್ಟಿಗೆ ಎತ್ತಿದ್ದಳು. ಆಡು ಎರಡು ದಿನ ಕುಂಟಿತ್ತು. ಇಷ್ಟಕ್ಕೇ ಇಪ್ಪತ್ತು ವರ್ಷದ ಹೋಗಿಬರುವುದು ನಿಂತುಹೋಯಿತು.

ಹಾಗಿದ್ದೂ ಹುಡುಗರು ಹೊರಟ ದಿನ ಇಮಾಮಬಿ, ಯಾರೂ ಕೇಳದೆ, ಒಂದು ಡಬ್ಬಿ ಶೇಂಗಾ ಉಂಡಿ ಕಳಿಸಿದ್ದಳು. ಆ ಡಬ್ಬಿಯನ್ನು ತಾನೇ ಒಯ್ದು ಕೊಡಬೇಕು, ಅದೇ ನೆಪದಲ್ಲಿ ಮಾತು ತೆಗೆಯಬೇಕು ಎಂದು ಬಾಳವ್ವ ರೇಶನ್ನಿನ ಸಕ್ಕರೆಯಲ್ಲಿ ಒಂದು ಬಟ್ಟಲು ಎತ್ತಿಟ್ಟಿದ್ದಳು.

"ಅದು ನಾ ಒಯ್ಯೂ ಡಬ್ಬಿ ಆಗಿತ್ತೋ."

"ನೀ ಆಕಿ ಕೂಡ ಮಾತಾಡೂದಿಲ್ಲಲ್ಲ ಬೇ. ಅದಕ್ಕ ನಾನ ಕೊಟ್ಟ ಬಂದೆ."

"ಭಾಳ ಛಲೋ ಮಾಡಿದಿ," ಎಂದಳು ಬಾಳವ್ವ, ಕರಿದಾದ ರೊಟ್ಟಿಯನ್ನು ಅವನ ತಾಟಿಗೇ ಹಾಕುತ್ತ.

ಅವನು ಒಂದು ತುತ್ತು ಮುರಿಯುವಷ್ಟರಲ್ಲಿ ಇಮಾಮಬಿ ಡಬ್ಬಿಯನ್ನು ಸೊಂಟಕ್ಕಿಟ್ಟುಕೊಂಡು ಓಣಿ ದಾಟಿ ಬಂದಳು. ಒಳಗೆ ಬರಲಿಲ್ಲ. ಹೊಸ್ತಿಲ ಹೊರಗೇ ನಿಂತಳು.

"ಕೈಯಾಗ ಉಪ್ಪ ಕೊಟ್ಟ ಕಳಿಸಿದ್ಯಲ್ಲ, ಬಾಳವ್ವ. ಇದ್ದ ಜಗಳ ಸಾಲವಲ್ದೇನು ನಿನಗ?"

ಎಂಟು ತಿಂಗಳಲ್ಲಿ ಆಡಿದ ಮೊದಲ ಮಾತು. ಬಾಳವ್ವ ಹಿಟ್ಟಿನ ಕೈಯಲ್ಲೇ ಎದ್ದು ನಿಂತಳು.

"ಸಕ್ಕರಿ ತೆಗದಿಟ್ಟಿದ್ದೆ, ಇಮಾಮಬಿ. ನಾನ ಬರಾಕಿ ಇದ್ದೆ."

"ಬರಾಕಿ ಇದ್ದಳಂತ. ಎಂಟ ತಿಂಗಳದಾಗ ನಿನಗ ಹತ್ತ ಹೆಜ್ಜಿ ದಾಟಾಕ ಆಗಲಿಲ್ಲ. ನಿನ್ನ ಮಗ ಸಮುದ್ರ ದಾಟಿ ಬಂದ."

"ದಾಟಿಲ್ಲ ಚಿಗವ್ವ," ಎಂದ ನೀಲಪ್ಪ. "ನನ್ನ ಪಂದ್ಯದಾಗ ಏಳನೇದಾಂವ ಬಂದೆ."

"ಎಷ್ಟ ಮಂದಿ ಈಸಿದ್ರಿ?"

"ಏಳ."

ಇಮಾಮಬಿ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ನನ್ನ ಉಂಡಿ ತಿಂದ ಹೋಗಿದ್ದೆ ಅಂತ ಎಲ್ಲೂ ಹೇಳಬ್ಯಾಡಪಾ."

ಬಾಳವ್ವನಿಗೆ ನಗು ತಡೆಯಲಾಗಲಿಲ್ಲ. ಮುಂಗೈಯಿಂದ ಬಾಯಿ ಮುಚ್ಚಿಕೊಂಡಳು. ಗದ್ದಕ್ಕೆಲ್ಲ ಹಿಟ್ಟು ಹತ್ತಿತು. ಅದನ್ನು ಕಂಡು ಇಮಾಮಬಿಯೂ ನಕ್ಕಳು.

"ಉಂಡಿ ಯಾಕ ಕಳಿಸಿದಿ?" ಬಾಳವ್ವ ಕೇಳಿದಳು.

"ಹುಡುಗ ಹೊಂಟಾಂವ ನೀರಿಗೆ. ನಮ್ಮ ಜಗಳ ಓಣ್ಯಾಗಿಂದು."

ಬಾಳವ್ವ ಸೆರಗಿನಿಂದ ಕೈ ಒರೆಸಿಕೊಂಡಳು. "ಆಡಿಗೆ ಹೊಡೀಬಾರದಿತ್ತ ನಾ," ಎಂದಳು.

"ಅದು ಎರಡ ಮರಿ ಹಾಕೇತಿ. ನಿನ್ನ ಶಾವಿಗಿ ತಿಂದ ಮೈ ಹಿಡೀತು."

"ಈಗ ಈ ಉಪ್ಪಿಗೆ ಏನ ಮಾಡೂದು?"

ಇಮಾಮಬಿ ಯೋಚಿಸಿದಳು. "ನಾ ನೆಲಕ್ಕ ಇಡತೇನಿ, ನೀ ತಗೋ. ಆಮ್ಯಾಲ ನೀ ಇಡು, ನಾ ತಗೋತೇನಿ. ಸರಿಹೋಗತೈತಿ."

"ಹಂಗ ಯಾರ ಹೇಳ್ಯಾರ?"

"ಯಾರೂ ಹೇಳಿಲ್ಲ. ನಾನ ಹೇಳಾಕತ್ತೇನಿ."

ಡಬ್ಬಿ ಹೊಸ್ತಿಲ ಪಕ್ಕದಲ್ಲಿ ನೆಲಕ್ಕಿಳಿಯಿತು. ಬಾಳವ್ವ ಬಗ್ಗಿ ಎತ್ತಿಕೊಂಡು ಮುಚ್ಚಳ ತೆಗೆದಳು. "ಇದರಾಗ ಬರೇ ಉಸುಕ ಐತಲ್ಲ. ಬಾ, ಒಳಗ ಬಾ. ಹಸನ ಮಾಡಿ ಕೊಡತೇನಿ."

ನೀಲಪ್ಪ ತಾಟು ಎತ್ತಿಕೊಂಡು ಸರಿದು ಜಾಗ ಬಿಟ್ಟ. ಬಾಳವ್ವ ಮೊರ ತಂದು ಉಪ್ಪು ಸುರಿದಳು. ಇಬ್ಬರೂ ಬಾಗಿಲ ಬೆಳಕಿಗೆ ಎದುರುಬದುರು ಕುಳಿತು, ಉಸುಕು ಬೇರೆ, ಹರಳು ಬೇರೆ ಮಾಡತೊಡಗಿದರು. ಇಮಾಮಬಿಯ ಬೆರಳಿಗೆ ಅಕ್ಕಿಕಾಳಿನಷ್ಟು ಚಿಕ್ಕದೊಂದು ಚಿಪ್ಪು ಸಿಕ್ಕಿತು. ಅದನ್ನು ಅಂಗೈಯಲ್ಲಿಟ್ಟು ಬಾಳವ್ವನ ಮುಂದೆ ಹಿಡಿದಳು. ಬಾಳವ್ವ ಬಗ್ಗಿ ನೋಡಿದಳು. ಮೊರದ ಒಂದು ಅಂಚು ಇವಳ ತೊಡೆಯ ಮೇಲಿತ್ತು, ಇನ್ನೊಂದು ಅವಳ ತೊಡೆಯ ಮೇಲೆ.