ಪಕ್ಕದ ಕೋಣೆಯ ದನಿ

ನಾನು ಒಂದು ಕಪ್ಪು ಟೆಲಿಫೋನು. ಬೆರಳು ಹಾಕಿ ತಿರುಗಿಸುವ ಡಯಲ್ ನನ್ನದು. ಕಾರ್ಖಾನೆಯಲ್ಲಿ ನನ್ನನ್ನು ಜೋಡಿಸಿದ ಹೆಂಗಸು ಪರೀಕ್ಷೆಗೆಂದು ಹಲೋ ಅಂದಳು. ನಾನು ಕೇಳಿದ ಮೊದಲ ಮಾತು ಅದು. ಮುಂದೆ ಇಪ್ಪತ್ತು ವರ್ಷ ಒಬ್ಬ ವಕೀಲರ ಮೇಜಿನ ಮೇಲಿದ್ದೆ. ಅಲ್ಲಿ ನನ್ನ ಮೂಲಕ ಹೋದದ್ದೆಲ್ಲ ವಾಯಿದೆಯ ಮಾತು. ಗುಂಡಿ ಒತ್ತುವ ಫೋನು ಬಂದಾಗ ನನ್ನನ್ನು ಗುಜರಿಗೆ ಹಾಕಿದರು.

ಅಲ್ಲಿಂದ ಎತ್ತಿಕೊಂಡು ಬಂದವರು ಚೌಡಪ್ಪ. ಧಾರಾವಾಹಿಯ ಶೂಟಿಂಗಿಗೆ ಬೇಕಾದ ಸಾಮಾನು ಹೊಂದಿಸುವುದು ಅವರ ಕೆಲಸ. ಒದ್ದೆ ಬಟ್ಟೆಯಲ್ಲಿ ಒರೆಸಿ, ಬೆಂಗಳೂರಿನ ಒಂದು ಬಾಡಿಗೆ ಬಂಗಲೆಯ ನಡುಮನೆಯಲ್ಲಿ ಇಟ್ಟರು. ನನ್ನ ತಂತಿ ಮೇಜಿನ ಹಿಂದೆಯೇ ಮುಗಿಯುತ್ತಿತ್ತು. ಫೋನಿನಂತೆ ಕಂಡರೆ ಸಾಕಿತ್ತು.

ಆ ಮನೆಯ ಸೊಸೆಯ ಪಾತ್ರಕ್ಕೆ ತುಮಕೂರಿನ ವನಮಾಲಾ ಬಂದಳು. ಅವಳ ಗಂಡನ ಪಾತ್ರ ಮಾಡುತ್ತಿದ್ದ ನಟ, ಸಿನಿಮಾ ಸಿಕ್ಕಿ, ಬರುವುದನ್ನು ಬಿಟ್ಟ. ಬೇರೆಯವರನ್ನು ಹಾಕಲು ನಿರ್ದೇಶಕ ಅಚ್ಯುತ ದೇಸಾಯಿ ಒಪ್ಪಲಿಲ್ಲ. ಕಥೆಯಲ್ಲಿ ಗಂಡನನ್ನು ದೂರದ ಉಕ್ಕಿನ ಕಾರ್ಖಾನೆಗೆ ವರ್ಗ ಮಾಡಿಸಿಬಿಟ್ಟರು. ಅಂದಿನಿಂದ ಆ ಸಂಸಾರ ನಡೆದದ್ದು ನನ್ನ ಮೇಲೆ.

ಮೊದಲ ದಿನ ವನಮಾಲಾ ಎಲ್ಲರಂತೆಯೇ ಮಾಡಿದಳು. ನನ್ನನ್ನು ಕಿವಿಗಿಟ್ಟು, ಮನಸ್ಸಿನಲ್ಲಿ ಮೂರರವರೆಗೆ ಎಣಿಸಿ 'ಹೌದಾ' ಅಂದಳು. ಮತ್ತೆ ಮೂರು ಎಣಿಸಿ ನಕ್ಕಳು. ದೇಸಾಯಿ ಎದ್ದು ಬಂದರು. ಧಾರವಾಡದವರು, ದನಿ ಏರಿಸುವವರಲ್ಲ.

"ನೀವು ಕೇಳಲಿಕ್ಕತ್ತಿಲ್ರಿ. ನಿಮ್ಮ ಪಾಳಿ ಯಾವಾಗ ಬರತದ ಅಂತ ಕಾಯಲಿಕ್ಕತ್ತೀರಿ."

"ಆ ಕಡೆ ಯಾರೂ ಇಲ್ವಲ್ಲ ಸರ್."

ದೇಸಾಯಿ ನನ್ನ ತಂತಿಯ ತುದಿ ಎತ್ತಿ ನೋಡಿದರು. "ಅದೂ ಖರೇನ," ಅಂದರು.

ಮರುದಿನ ನನ್ನ ತಂತಿ ಕಿಟಕಿ ದಾಟಿ ಪಕ್ಕದ ಕೋಣೆಗೆ ಹೋಯಿತು. ಅಲ್ಲಿ ಇನ್ನೊಂದು ಫೋನು, ನಡುವೆ ಒಂದು ಸಣ್ಣ ಬ್ಯಾಟರಿ. ದೇಸಾಯಿ ಅಲ್ಲಿ ಮಾನಿಟರ್ ಮುಂದೆ ಕುಳಿತು, ಗಂಡನ ಮಾತನ್ನೆಲ್ಲ ತಾವೇ ಆಡತೊಡಗಿದರು. ನೋಡುವವರಿಗೆ ಕೇಳಿಸುತ್ತಿದ್ದುದು ವನಮಾಲಾಳ ಮಾತು ಮಾತ್ರ. ಅವರ ದನಿ ಅವಳೊಬ್ಬಳ ಕಿವಿಗೆ.

ಬರೆದದ್ದನ್ನಷ್ಟೇ ಅವರು ಹೇಳುತ್ತಿರಲಿಲ್ಲ. ಅವಳಿಗೆ ಸಿಟ್ಟು ಬರಬೇಕಾದಾಗ, ಇಲ್ಲಿನ ಅಡುಗೆಯವನ ಸಾರು ನಿನ್ನ ಸಾರಿಗಿಂತ ರುಚಿ ಅನ್ನುವರು. ನಗಬೇಕಾದಾಗ, "ಕ್ಯಾಂಟೀನ್ ಉಪ್ಪಿಟ್ಟಿನ್ಯಾಗ ಒಂದು ಗೋಡಂಬಿ ಸಿಕ್ಕಿತ್ತು. ಕಟ್ಟು ಹಾಕಿಸಿ ಗ್ವಾಡಿಗೆ ಹಾಕೇನಿ" ಅನ್ನುವರು. ಅಳಬೇಕಾದಾಗ ಏನೂ ಅನ್ನುತ್ತಿರಲಿಲ್ಲ. ಸುಮ್ಮನೆ ಉಸಿರಾಡುತ್ತಿದ್ದರು. ನಾನು ಆ ಉಸಿರನ್ನು ದಾಟಿಸುತ್ತಿದ್ದೆ.

ಎದುರಾದಾಗ ಇಬ್ಬರದೂ ನಮಸ್ಕಾರ ಅಷ್ಟೇ. ಆದರೆ ಬೆಳಿಗ್ಗೆ ಬಂದ ಕೂಡಲೇ ಅವಳು ಇವತ್ತು ಫೋನಿನ ಸೀನ್ ಇದೆಯಾ ಎಂದು ಕೇಳುತ್ತಿದ್ದಳು. "ಯಾಕವ್ವ, ಯಜಮಾನ್ರ ಕಾಗದ ಬಂದಿಲ್ವಾ?" ಎಂದು ಚೌಡಪ್ಪ ಕಾಲೆಳೆಯುತ್ತಿದ್ದರು.

ಹೀಗೆ ಎರಡು ವರ್ಷ. ಒಂದು ಬೆಳಿಗ್ಗೆ ದೇಸಾಯಿ ಬರಲಿಲ್ಲ. ಮನೆಯಲ್ಲೇ ಹೃದಯ ನಿಂತಿತ್ತು. ನಾಲ್ಕು ದಿನ ಬಂಗಲೆಗೆ ಬೀಗ.

ಐದನೆಯ ದಿನ ನಿಖಿಲೇಶ್ ಎಂಬ ಹೊಸ ನಿರ್ದೇಶಕ ಬಂದ. ಕೆಟ್ಟವನಲ್ಲ. ಅವನ ಕೈಯಲ್ಲಿದ್ದ ಕಂತಿನಲ್ಲಿ ಗಂಡ ಕಾರ್ಖಾನೆಯ ಅಪಘಾತದಲ್ಲಿ ಸಾಯುತ್ತಾನೆ. ಸುದ್ದಿ ಫೋನಿನಲ್ಲಿ ಬರುತ್ತದೆ. ವನಮಾಲಾ ಅದನ್ನು ಓದಿ ಅವನ ಬಳಿ ಹೋದಳು.

"ಅವ್ರು ಅಲ್ಲೇ ಇರ್ಲಿ ಸರ್. ಫೋನ್ ಮಾಡೋದು ಕಮ್ಮಿ ಆದ್ರೂ ಪರ್ವಾಗಿಲ್ಲ."

ಅವನು ಹಾಳೆಯಿಂದ ತಲೆ ಎತ್ತಲಿಲ್ಲ. "ಮಾತಾಡೋರು ಯಾರು ಮೇಡಂ?"

ಅವಳು ಮತ್ತೆ ಕೇಳಿದ್ದು ಒಂದೇ. ಪಕ್ಕದ ಕೋಣೆಯ ರಿಸೀವರನ್ನು ಎತ್ತಿ ಮೇಜಿನ ಮೇಲಿಡಬೇಕು, ಯಾರೂ ಮಾತಾಡಬಾರದು. ಚೌಡಪ್ಪ ಹಾಗೆಯೇ ಮಾಡಿದರು.

ಕ್ಯಾಮೆರಾ ಓಡಿತು. ಅವಳು ನನ್ನನ್ನು ಎತ್ತಿಕೊಂಡಳು. ಆ ಕಡೆಯಿಂದ ಫ್ಯಾನಿನ ಸದ್ದು ಬಂತು. ಬೇರೇನೂ ಇಲ್ಲ. ಬಂದಷ್ಟನ್ನು ನಾನು ಅವಳಿಗೆ ಮುಟ್ಟಿಸಿದೆ. ಅವಳು ಚೀರಿ ನನ್ನನ್ನು ಕೈಬಿಡಬೇಕೆಂದು ಬರೆದಿತ್ತು. ಅವಳು ಚೀರಲಿಲ್ಲ, ಕೈಬಿಡಲಿಲ್ಲ. ಕಿವಿಗೆ ಒತ್ತಿಕೊಂಡದ್ದರಿಂದ ಅವಳ ಮುಖ ನನಗೆ ಕಾಣಲಿಲ್ಲ. ಬೆರಳುಗಳು ಬಿಗಿಯಾದದ್ದು ಗೊತ್ತಾಯಿತು. ನಿಖಿಲೇಶ್ ತುಂಬ ಹೊತ್ತಿನ ಮೇಲೆ, ಮೆತ್ತಗೆ, ಕಟ್ ಅಂದ. ದೀಪಗಳು ಒಂದೊಂದಾಗಿ ಆರಿದವು.

ಅವಳು ನನ್ನನ್ನು ಇನ್ನೂ ಕೆಳಗಿಟ್ಟಿರಲಿಲ್ಲ. ಚೌಡಪ್ಪ ಬಂದು ಕೈ ಚಾಚಿದರು.

"ಇರಿ ಚೌಡಪ್ಪಣ್ಣ. ಅವ್ರಿನ್ನೂ ಫೋನ್ ಇಟ್ಟಿಲ್ಲ."

ಚೌಡಪ್ಪ ಚಾಚಿದ ಕೈ ಹಿಂದೆಗೆದುಕೊಂಡರು. ಆಮೇಲೆ ಪಕ್ಕದ ಕೋಣೆಗೆ ಹೋದರು. ಅವರ ಚಪ್ಪಲಿಯ ಸದ್ದು ತಂತಿಯಲ್ಲಿ ಹತ್ತಿರ ಬಂತು. ರಿಸೀವರ್ ಎತ್ತಿಕೊಂಡರು. ಟಕ್ ಎಂದು ಒಂದು ಸಣ್ಣ ಸದ್ದು. ಫ್ಯಾನೂ ಕೇಳದಾಯಿತು. ಆಗ ವನಮಾಲಾ ನನ್ನನ್ನು ಜಾಗದಲ್ಲಿಟ್ಟಳು.

ಈಗ ನಾನು ಹಳೆಯ ಶೂಟಿಂಗ್ ಸಾಮಾನಿನ ಒಂದು ಗೋದಾಮಿನ ಕಪಾಟಿನಲ್ಲಿದ್ದೇನೆ. ಹೋದ ವರ್ಷ, ದೇಸಾಯಿಯವರ ಬಗ್ಗೆ ಒಂದು ಟಿವಿ ಕಾರ್ಯಕ್ರಮಕ್ಕೆ ಮಾತಾಡಲು ವನಮಾಲಾ ಇಲ್ಲಿಗೆ ಬಂದಿದ್ದಳು. ಕೂದಲು ಬೆಳ್ಳಗಾಗಿದೆ. ಸರ್ ಎದುರಿಗೆ ಒಂದು ದಿನವೂ ಹೊಗಳಿದವರಲ್ಲ ಎಂದಳು. ಕಟ್ ಅಂದ ಮೇಲೆ, ಫೋನಿನಲ್ಲಿ, 'ಛಲೋ ಆತು' ಅನ್ನುತ್ತಿದ್ದರು. ಅದನ್ನು ಕೇಳಿಸಿಕೊಂಡೇ ಅವಳು ಫೋನು ಇಡುತ್ತಿದ್ದಳು.

ಫೋಟೋ ತೆಗೆಯುವವನು ನನ್ನನ್ನು ಕಿವಿಗಿಟ್ಟುಕೊಳ್ಳಲು ಹೇಳಿದ. ಅವಳು ಎತ್ತಿಕೊಂಡಳು. ಆದರೆ ಕಿವಿಗೂ ನನಗೂ ನಡುವೆ ಒಂದು ಬೆರಳಿನಷ್ಟು ಜಾಗ ಬಿಟ್ಟಳು. ಇನ್ನೂ ಸ್ವಲ್ಪ ಹತ್ತಿರ ಎಂದ ಅವನು. ಇಷ್ಟು ಸಾಕು ಎಂದಳು.

ನಾನು ದನಿಯನ್ನು ದಾಟಿಸಬಲ್ಲೆ, ಇಟ್ಟುಕೊಳ್ಳಲಾರೆ. ನನ್ನನ್ನು ಮಾಡಿದ್ದೇ ಹಾಗೆ. ಅವಳಿಗೆ ಅದು ಗೊತ್ತಿತ್ತು.