ಜರಡಿ ಬಟ್ಟೆ

ಹತ್ತೊಂಬತ್ತು ವರ್ಷದಿಂದ ನಾನು ನೆಲಮಾಳಿಗೆಯಲ್ಲಿ ಕಲ್ಲು ಅರೆಯುತ್ತಿದ್ದೇನೆ. ಮೇಲಿನ ಮಹಡಿಗಳ ಭೂವಿಜ್ಞಾನಿಗಳಿಗೆ ನಾನು ಗಿರಣಿಯವನು. ಅವರು ಲಿಫ್ಟಿನಲ್ಲಿ ಕಲ್ಲು ಇಳಿಸುತ್ತಾರೆ, ನಾನು ಪುಡಿ ಏರಿಸುತ್ತೇನೆ. ನಡುವೆ ಮಾತಿಲ್ಲ. ಯಂತ್ರದ ಸದ್ದಿಗೆಂದು ಕಿವಿಗೆ ಹಾಕಿಕೊಂಡ ಮುಚ್ಚಳವನ್ನು ಯಂತ್ರ ನಿಂತ ಮೇಲೂ ತೆಗೆಯುವುದಿಲ್ಲ. ತೆಗೆದರೂ ಕೇಳಿಸಿಕೊಳ್ಳಲು ಏನಿದೆ?

ಪುಡಿಯಲ್ಲಿ ಅವರು ಹುಡುಕುವುದು ಜಿರ್ಕಾನ್ ಎಂಬ ಹರಳನ್ನು. ಕೂದಲೆಳೆಯಷ್ಟು ದಪ್ಪ, ಅಷ್ಟೆ. ತಾನು ಹುಟ್ಟಿದ ಕಾಲವನ್ನು ಅದು ಒಳಗಿಟ್ಟುಕೊಂಡಿರುತ್ತದೆ. ಬೆಟ್ಟವೇ ಸವೆದು ಮರಳಾದರೂ ಹರಳು ಉಳಿಯುತ್ತದೆ. ಹಾಗಾಗಿ ಒಂದು ಕಲ್ಲಿನ ಹರಳು ಇನ್ನೊಂದರೊಳಗೆ ಸೇರಕೂಡದು. ಪ್ರತಿ ಕಲ್ಲಿಗೂ ಯಂತ್ರ ಬಿಚ್ಚಿ ತೊಳೆಯಬೇಕು, ಜರಡಿಗೆ ಹೊಸ ನೈಲಾನ್ ಬಟ್ಟೆ ಕಟ್ಟಬೇಕು, ಹಳೆಯದನ್ನು ಎಸೆಯಬೇಕು. ರಿಜಿಸ್ಟರಿನಲ್ಲಿ ‘ಬಟ್ಟೆ ಹೊಸದು’ ಎಂದು ಗುರುತು ಹಾಕಬೇಕು.

ಒಂದು ದಿನ ಫೋನ್ ಬಂತು. ಹೊಸದಾಗಿ ಸೇರಿದ ಸಂಶೋಧಕಿ.

“ಅಣ್ಣಾ, ನನ್ನ ಕಲ್ಲು ನಾಲ್ಕು ಗಂಟೆಗೆ ಮುಗಿಯತ್ತಾ? ಮುಗಿದ್ರೆ ನಾನೇ ಕೆಳಗೆ ಬಂದು ತಗೊಂಡು ಹೋಗ್ತೀನಿ. ನಿಮ್ಮ ಗಿರಣಿ ನೋಡೇ ಇಲ್ಲ ನಾನು.”

“ಬನ್ನಿ, ಬನ್ನಿ,” ಎಂದೆ. ನನ್ನ ದನಿ ನನಗೇ ಬೇರೆಯವರದೆನಿಸಿತು.

ಎರಡು ಗಂಟೆಗೆ ನೋಡಿದರೆ ಬಟ್ಟೆಯ ಸುರುಳಿ ಮುಗಿದಿತ್ತು. ಉಗ್ರಾಣದವನು ರಜೆ. ಹಿಂದಿನ ದಿನ ಬೇರೆ ಖಂಡದಿಂದ ಬಂದ ಮರಳುಗಲ್ಲನ್ನು ಜರಡಿ ಹಿಡಿದಿದ್ದ ಬಟ್ಟೆ ಕಸದ ಡಬ್ಬಿಯಲ್ಲಿತ್ತು. ತೆಗೆದು ಮೂರು ಸಲ ತೊಳೆದೆ. ಬಲ್ಬಿಗೆ ಹಿಡಿದು ನೋಡಿದೆ. ಏನೂ ಕಾಣಲಿಲ್ಲ. ಕಟ್ಟಿದೆ. ‘ಹೊಸದು’ ಎಂದು ಗುರುತು ಹಾಕಿದೆ.

ಅವಳು ಬಂದಳು. ಬಕೆಟ್ ಮಗುಚಿ ಕೂತಳು. “ನೆಲ ಅನ್ನೋದು ಮೊದಲಿಂದ ಇರಲಿಲ್ಲ ಅಣ್ಣ. ಕಪ್ಪು ಕಲ್ಲಿನ ತಳ, ಮೇಲೆ ನೀರು. ಆ ತಳ ಒಳಗೆ ಮುಳುಗಿ, ಬೆಂದು, ಹಗುರವಾದದ್ದು ಮಾತ್ರ ಕೆನೆ ಥರ ಮೇಲೆ ಬಂತು. ಅದೇ ಖಂಡ. ನಾವು ನಿಂತಿರೋದು ಕೆನೆ ಮೇಲೆ. ಅದು ಯಾವಾಗ ಕಟ್ಟೋಕೆ ಶುರುವಾಯ್ತು ಅನ್ನೋದೇ ಜಗಳ.” ಇಪ್ಪತ್ತು ನಿಮಿಷ ಇದ್ದಳು.

ಎರಡು ತಿಂಗಳ ನಂತರ ಮೂರನೆಯ ಮಹಡಿಯವರೆಲ್ಲ ನನ್ನ ಗಿರಣಿಗೆ ಇಳಿದು ಬಂದರು. ಅವಳ ಕಲ್ಲಿನ ಎಂಬತ್ತು ಹರಳುಗಳಿಗೆ ಇನ್ನೂರೈವತ್ತು ಕೋಟಿ ವರ್ಷ. ಒಂದಕ್ಕೆ ಮಾತ್ರ ನಾನೂರಹತ್ತು ಕೋಟಿ. ಭೂಮಿ ಇನ್ನೂ ಹಸುಳೆಯಾಗಿದ್ದಾಗಲೇ ಇಲ್ಲಿ ನೆಲವಿತ್ತು ಎನ್ನುವಂತೆ!

ಮುಖ್ಯಸ್ಥರು ಕನ್ನಡಕ ಹಣೆಗೇರಿಸಿ ಕೇಳಿದರು: “ಬೆರಕೆ ಏನೂ ಆಗಿಲ್ಲ ತಾನೆ?”

“ರಿಜಿಸ್ಟರಲ್ಲಿದೆ ಸಾರ್. ಬಟ್ಟೆ ಹೊಸದು.”

“ಇವರು ಹೇಳಿದ್ರೆ ಮುಗೀತು. ಕಲ್ಲಲ್ಲಿ ಕೆತ್ತಿದ ಹಾಗೆ,” ಎಂದು ಬೆನ್ನು ತಟ್ಟಿದರು.

ಅಂದಿನಿಂದ ಮಧ್ಯಾಹ್ನದ ಊಟಕ್ಕೆ ನನ್ನನ್ನು ಮೇಲೆ ಕರೆಯತೊಡಗಿದರು. ಕಿಟಕಿಯ ಪಕ್ಕದ ಕುರ್ಚಿ ನನ್ನದೆಂದೇ ಆಯಿತು. ಭಾನುವಾರ ತಂಗಿಗೆ ಫೋನಿನಲ್ಲಿ ಹೇಳಿದರೆ, “ಅಂತೂ ಕಲ್ಲಿಗೂ ಬಾಯಿ ಬಂತು ಅನ್ನು!” ಎಂದು ನಕ್ಕಳು. ಅರ್ಧ ಗಂಟೆ ಮಾತಾಡಿದೆ. ಎಂದೂ ಹಾಗೆ ಮಾತಾಡಿದವನಲ್ಲ.

ಬೇರೆ ಖಂಡದ ಆ ಮರಳುಗಲ್ಲಿನ ಫಲಿತಾಂಶ ನನ್ನ ಮೇಜಿಗೂ ಬಂದಿತ್ತು. ಅದರ ಹರಳುಗಳಲ್ಲಿ ಹಲವು ನಾನೂರು ಕೋಟಿ ದಾಟಿದ್ದವು. ಹಾಳೆಯನ್ನು ಡ್ರಾಯರಿನಲ್ಲಿಟ್ಟೆ. ಮೂರು ವಾರ ಊಟಕ್ಕೆ ಹೋದೆ.

ಆ ಒಂದು ಹರಳಿನ ಮೇಲೆ ಅವಳು ಬರೆದ ಲೇಖನ ಶುಕ್ರವಾರ ಪತ್ರಿಕೆಗೆ ಹೊರಡುವುದಿತ್ತು. ಗುರುವಾರ ಅವಳು ಕೆಳಗೆ ಬಂದು, “ಕೊನೇಲಿ ನಿಮಗೆ ಕೃತಜ್ಞತೆ ಬರೆದಿದೀನಿ, ಅಣ್ಣ. ಇದು ಸುಳ್ಳಾದ್ರೆ ಮಾತ್ರ ನನ್ನ ಕಥೆ ಮುಗೀತು,” ಎಂದು ನಕ್ಕಳು.

ನಾನು ಡ್ರಾಯರ್ ಎಳೆದೆ. ಹಾಳೆ ತೆಗೆದು ಕೈಗೆ ಕೊಟ್ಟೆ. ಬಟ್ಟೆ ತೊಳೆದದ್ದನ್ನು ಹೇಳಿದೆ.

ಅವಳು ಎರಡು ಸಲ ಓದಿದಳು. “ಒಂದು ದಿನ ತಡ ಆಗಿದ್ರೆ ಏನಾಗ್ತಿತ್ತು? ನನಗೇನು ಆತುರ ಇತ್ತಾ? ಯಾಕೆ ಹಾಗೆ ಮಾಡಿದ್ರಿ?”

ನೀವು ಬರುತ್ತೀರೆಂದು ಹೇಳಿದಿರಿ, ಅದಕ್ಕೆ. ಇಷ್ಟು ಹೇಳಲು ಬಾಯಿ ಬರಲಿಲ್ಲ.

“ಸುರುಳಿ ಮುಗಿದಿತ್ತು,” ಎಂದೆ.

ಅವಳು ಲಿಫ್ಟಿಗೂ ಕಾಯದೆ ಮೆಟ್ಟಿಲು ಹತ್ತಿ ಹೋದಳು.

ಉಳಿದಿದ್ದ ಅರ್ಧ ಕಲ್ಲನ್ನು ಮುಖ್ಯಸ್ಥರ ಎದುರಿಗೇ ಮತ್ತೆ ಅರೆದೆ. ನೂರ ಇಪ್ಪತ್ತು ಹರಳು, ಎಲ್ಲವೂ ಇನ್ನೂರೈವತ್ತು ಕೋಟಿ. ಲೇಖನ ಹೋಗಲಿಲ್ಲ. ಅವಳು ಬೇರೆ ವಿಷಯ ಹಿಡಿದಳು. ಕೆಲಸದಿಂದ ನನ್ನನ್ನು ತೆಗೆಯಲಿಲ್ಲ; ನಿಯಮವೊಂದನ್ನು ಮಾಡಿದರು. ನಾನು ಬಟ್ಟೆ ಕಟ್ಟುವಾಗಲೂ ಅರೆಯುವಾಗಲೂ ಮೇಲಿನವರೊಬ್ಬರು ಪಕ್ಕದಲ್ಲಿ ನಿಂತು ಸಹಿ ಹಾಕಬೇಕು.

ಈಗ ದಿನವೂ ಯಾರಾದರೂ ಬರುತ್ತಾರೆ. ನನ್ನ ಕೈಯನ್ನೇ ನೋಡುತ್ತ ಗಂಟೆಗಟ್ಟಲೆ ನಿಲ್ಲುತ್ತಾರೆ. ಇವತ್ತು ಅವಳ ಸರದಿ. ನಾನು ಬಕೆಟ್ ಮಗುಚಿ ಮುಂದಕ್ಕೆ ತಳ್ಳಿದೆ.

“ಬೇಡ, ನಿಂತಿರ್ತೀನಿ,” ಎಂದಳು. ಗಡಿಯಾರ ನೋಡಿ, ರಿಜಿಸ್ಟರಿನಲ್ಲಿ ಸಮಯ ಬರೆದಳು.